ಉಪ್ಪುನೀರು ಮುಚ್ಚಿದ ಬಾಗಿಲು

"ಯಾರು ಅಳಿಸಿದ್ದು ನಿಮ್ಮನ್ನ?"

ರೆನಾಟಾ ನೀರಿನಿಂದ ತಲೆಯೆತ್ತಿದಳು. ಈಜುಕೊಳದ ಅಂಚಿನಲ್ಲಿ ಅಪರಿಚಿತನೊಬ್ಬ ನಿಂತಿದ್ದ. ಕೈಯಲ್ಲಿ ರಿಪೇರಿ ಸಾಮಾನಿನ ಪೆಟ್ಟಿಗೆ, ಬಿಸಿಲಿಗೆ ಸುಟ್ಟ ಮೂಗು.

"ಯಾರೂ ಇಲ್ಲ. ಕ್ಲೋರಿನ್."

"ಇಷ್ಟೊಂದು ಕೆಂಪಗಾ?"

"ನೀವು ಪಂಪ್ ನೋಡೋಕೆ ಬಂದಿರೋದಾ, ನನ್ನ ಕಣ್ಣು ನೋಡೋಕಾ?"

"ಪಂಪ್ ನೋಡೋಕೇ ಬಂದೆ. ಆದ್ರೆ..."

ಪಂಪ್ ರಿಪೇರಿಗೆ ಬಂದಿದ್ದ ಆ ಹುಡುಗ, ಡೆಕ್ಲನ್, ಮುಂದಿನ ಮಾತು ನುಂಗಿಕೊಂಡ.

ಇಂಗಮ್ ಊರಿನ ಕಬ್ಬಿನ ಗದ್ದೆಗಳ ಪಕ್ಕದ ಆ ಈಜು ಶಾಲೆ ಅವಳ ತಂದೆ ಎಟ್ಟೋರೆಯದು. ಮೊದಲು ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವಳು ಅಮ್ಮ. ಅಮ್ಮ ತೀರಿಕೊಂಡ ಮೇಲೆ ರೆನಾಟಾ ನೀರಿಗಿಳಿದಳು. ಇಳಿಯುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ.

ನಾಲ್ಕು ಗೋಡೆ, ತಗಡಿನ ಮಾಡು, ಹೊರಗೆ ಹೋಗದ ಕ್ಲೋರಿನ್ ಘಾಟು. ಆ ಘಾಟು ಅವಳ ಕೂದಲಿಗೆ ಹತ್ತಿತ್ತು, ದಿಂಬಿಗೂ ಹತ್ತಿತ್ತು. ಕೊನೆಗೆ ಕೆಮ್ಮು ಹಿಡಿಯಿತು. "ಈ ಗಾಳಿಯಲ್ಲೇ ಇದ್ರೆ ಇದು ಹೋಗಲ್ಲಮ್ಮ, ಕೆಲಸ ಬಿಡು" ಎಂದರು ಡಾಕ್ಟರು.

ಆ ದಿನ ಅವಳಿಗಾದ ಖುಷಿ ಅಷ್ಟಿಷ್ಟಲ್ಲ! ಕೇರ್ನ್ಸ್ ಪಟ್ಟಣದ ಬೇಕರಿಯೊಂದು ಅವಳನ್ನು ಕೆಲಸ ಕಲಿಯಲು ಕರೆದಿತ್ತು. ಅಪ್ಪನ ಮುಖ ನೋಡಿ 'ನನಗೆ ಇದು ಬೇಡ' ಎನ್ನುವ ಧೈರ್ಯ ಅವಳಿಗಿರಲಿಲ್ಲ. ಚಳಿಗಾಲದ ರಜೆ ಬರಲಿ, ಆಗ ನನ್ನ ಪರವಾಗಿ ಕೆಮ್ಮೇ ಹೇಳಲಿ ಬಿಡು... ಎಂದುಕೊಂಡಳು. ಈ ಗುಟ್ಟನ್ನು ಅವಳು ಡೆಕ್ಲನ್‌ಗೂ ಹೇಳಲಿಲ್ಲ.

ಅಷ್ಟರಲ್ಲಿ ಅವನ ಓಡಾಟ ಹೆಚ್ಚಾಗಿತ್ತು. ಸರಿಯಿದ್ದ ಪಂಪನ್ನೂ ಬಿಚ್ಚಿ ನೋಡುತ್ತಿದ್ದ ಪುಣ್ಯಾತ್ಮ. 'ನೀವು' ಹೋಗಿ 'ನೀನು' ಬಂದಿತ್ತು. ಆದರೆ ಅವಳು ಕೆಮ್ಮಿದಾಗಲೆಲ್ಲ ಅವನ ನಗು ಮಾಯವಾಗುತ್ತಿತ್ತು. ಒಂದು ದಿನ ಸೀದಾ ಎಟ್ಟೋರೆಯ ಮುಂದೆ ಹೋಗಿ ಕೂತು, ಕೊಳಕ್ಕೆ ಉಪ್ಪುನೀರಿನ ಯಂತ್ರ ಹಾಕೋಣ ಎಂದ.

"ಉಪ್ಪುನೀರಾ?" ಎಟ್ಟೋರೆ ಹುಬ್ಬೇರಿಸಿದ. "ಉಪ್ಪು ಹಾಕಿದ ನೀರಲ್ಲಿ ನಾವು ಪಾಸ್ತಾ ಬೇಯಿಸ್ತೀವಿ ಕಣಯ್ಯಾ. ನೀನು ಮಕ್ಕಳನ್ನ ಬೇಯಿಸ್ತೀಯಾ?"

"ಪಾಸ್ತಾಗೂ ಸಾಲದಷ್ಟು ಉಪ್ಪು ಅದು. ಯಂತ್ರ ಆ ಉಪ್ಪಿಂದಲೇ ಬೇಕಾದಷ್ಟು ಕ್ಲೋರಿನ್ ಮಾಡ್ಕೊಳ್ಳುತ್ತೆ, ಒಂದೇ ಹದದಲ್ಲಿ. ಡಬ್ಬಗಟ್ಟಲೆ ಹೊತ್ತು ಸುರಿಯೋದು ತಪ್ಪುತ್ತೆ. ಕಣ್ಣುರಿ ಕಡಿಮೆ, ಘಾಟು ಕಡಿಮೆ. ಗಾಳಿಗೆ ದೊಡ್ಡ ಫ್ಯಾನೂ ಹಾಕೋಣ. ನಿಮ್ಮ ಮಗಳ ಕೆಮ್ಮು ಕೇಳೋಕಾಗ್ತಿಲ್ಲ ನನಗೆ."

ಎಟ್ಟೋರೆ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಒಪ್ಪಿಕೊಂಡ.

ಚಳಿಗಾಲದ ರಜೆಯಲ್ಲಿ ಕೆಲಸ ಮುಗಿಯಿತು. ರೆನಾಟಾ ಹೊಸ ನೀರಿಗೆ ಇಳಿದು ಕಣ್ಣು ಬಿಟ್ಟಳು. ಉರಿಯಲಿಲ್ಲ. ನೀರು ಮೈಗೆ ಮೆತ್ತಗಿತ್ತು. ದಿನ ಕಳೆದಂತೆ ಕೂದಲಿನ ಒರಟು ಹೋಯಿತು, ಈಜುಡುಗೆಯ ಬಣ್ಣ ಉಳಿಯಿತು, ಕೆಮ್ಮೂ ನಿಂತಿತು. ಡಾಕ್ಟರು ನಕ್ಕು ಬೆನ್ನು ತಟ್ಟಿದರು.

"ನೋಡಿದ್ಯಾ?" ಎಂದ ಅಪ್ಪ. "ಇನ್ನು ಮುದುಕಿ ಆಗೋವರೆಗೂ ಇಲ್ಲೇ ಕಲಿಸಬಹುದು ನೀನು."

ಅವಳಿಗೆ ಉಸಿರು ಕಟ್ಟಿದಂತಾಯಿತು. ಗಾಳಿ ಅಷ್ಟು ಶುದ್ಧವಾಗಿದ್ದರೂ...

ಪಂಪಿನ ಕೋಣೆಯಲ್ಲಿ ಡೆಕ್ಲನ್ ಸಿಕ್ಕಿದ.

"ಯಾಕೆ ಮಾಡಿದೆ ಇದನ್ನ?"

"ನಿನಗೋಸ್ಕರ..."

"ನನಗಿದ್ದಿದ್ದು ಒಂದೇ ಬಾಗಿಲು. ಕಾಯಿಲೆ ಅಂತ ಹೇಳಿ ಹೊರಗೆ ಹೋಗ್ತಿದ್ದೆ. ಅದನ್ನೂ ಮುಚ್ಚಿಬಿಟ್ಟೆ ನೀನು. ಅಪ್ಪನ ಕಡೆಯವನು ನೀನು. ನನ್ನನ್ನ ಒಂದು ಮಾತು ಕೇಳಿದ್ಯಾ?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಕೇಳಲಿಲ್ಲ. ತಪ್ಪಾಯ್ತು. ಆದ್ರೆ ರೆನಾಟಾ... ಹೊರಗೆ ಹೋಗೋಕೆ ನೀನು ಕಾಯಿಲೆ ಬೀಳಲೇಬೇಕಾ?"

ಅವಳು ಹೊರಟುಹೋದಳು. ಅವನೂ ಬರುವುದನ್ನು ನಿಲ್ಲಿಸಿದ. ಆ ಪ್ರಶ್ನೆ ಮಾತ್ರ ಅವಳ ಬೆನ್ನು ಬಿಡಲಿಲ್ಲ. ಅವನ ಮೇಲಿನ ಕೋಪ ಇಳಿದು ತನ್ನ ಮೇಲೆಯೇ ಬಂತು. ಅವನಿಲ್ಲದೆ ದಿನಗಳು ಭಣಗುಡುತ್ತಿದ್ದವು.

ಟೊಮ್ಯಾಟೊ ಸಾಸ್ ಮಾಡುವ ದಿನ ಬಂತು. ಪ್ರತಿವರ್ಷದಂತೆ ಅಪ್ಪ ಮಗಳು ಹಿತ್ತಲಲ್ಲಿ ಕೂತು ಹಣ್ಣು ಹಿಂಡುತ್ತಿದ್ದರು.

"ಅಪ್ಪ... ನನಗೆ ಈಜು ಶಾಲೆ ಬೇಡ."

"ಯಾಕೆ, ಮತ್ತೆ ಕೆಮ್ಮಾ?"

"ಇಲ್ಲ. ಹುಷಾರಾಗಿದೀನಿ. ನೀರೂ ಚೆನ್ನಾಗಿದೆ."

"ಆ ಹುಡುಗ ತಲೆ ಕೆಡಿಸಿದ್ನಾ?"

"ಅವನೂ ಅಲ್ಲ. ನನಗೆ ಬೇಡ ಅಪ್ಪ, ಅಷ್ಟೇ. ಕೇರ್ನ್ಸ್‌ಗೆ ಹೋಗಿ ಬೇಕರಿ ಕೆಲಸ ಕಲೀತೀನಿ."

ಎಟ್ಟೋರೆಯ ಕೈ ನಿಂತಿತು.

"ನೀನು ಮಕ್ಕಳಿಗೆ ಕೂಗಿ ಹೇಳಿದಾಗೆಲ್ಲ ನಿಮ್ಮಮ್ಮನ ದನಿ ಕೇಳಿಸ್ತಿತ್ತು ನನಗೆ," ಎಂದ. "ಅದಕ್ಕೇ ನಿನ್ನ ಕೂಡಿಹಾಕಿಬಿಟ್ಟೆ... ಹೋಗು ಮಗಳೇ. ಬೇರೆ ಟೀಚರ್ ಹುಡುಕ್ತೀನಿ."

ಅವಳು ಕೆಂಪಾದ ಕೈಗಳಿಂದಲೇ ಅಪ್ಪನನ್ನು ಅಪ್ಪಿಕೊಂಡು ಅತ್ತಳು.

ಬಸ್ ಹೊರಡುವ ದಿನ ಡೆಕ್ಲನ್‌ನನ್ನು ಅವಳೇ ಕರೆಸಿದಳು. ಅವನು ದೂರದಲ್ಲೇ ನಿಂತ.

"ಇನ್ನೂ ಕೋಪನಾ?" ಎಂದ.

"ಇಲ್ಲ. ಸರಿಯಾಗೇ ಕೇಳಿದೆ ನೀನು. ನನ್ನ ಜೊತೆ ಬರ್ತೀಯಾ?"

ಅವನು ಇಲ್ಲವೆಂಬಂತೆ ತಲೆಯಾಡಿಸಿದ. "ಈಗ ಬೇಡ. ಮೊದಲು ನೀನೊಬ್ಬಳೇ ಹೋಗು. ನಿನ್ನಿಷ್ಟಕ್ಕೆ ನೀನು ಎಲ್ಲಿಗೆ ಹೋಗಿದೀಯ ಹೇಳು? ನಿನ್ನನ್ನ ತುಂಬಾ ಪ್ರೀತಿಸ್ತೀನಿ ರೆನಾಟಾ. ಆದ್ರೆ ಇನ್ನುಮೇಲೆ ನಿನ್ನ ಕೇಳದೆ ಏನೂ ಮಾಡಲ್ಲ."

"ಹಾಗಾದ್ರೆ ಕೇಳು."

"ಭಾನುವಾರ ನೋಡೋಕೆ ಬರಲಾ?"

ಅವಳು ಬಸ್ಸಿನ ಮೆಟ್ಟಿಲು ಹತ್ತಿ, ತಿರುಗಿ ನೋಡಿದಳು.

"ಶನಿವಾರವೇ ಬಾ."