ಹೊರಗಿನ ಕರೆಗೆ ಒಳಬಾಗಿಲ ವಿಳಾಸ

ಫೆಬ್ರವರಿ 13, ಗುರುವಾರ, ಬೆಳಿಗ್ಗೆ 9.30. ಮಿನೆಸೋಟದ ಉತ್ತರ ತುದಿಯ ಸಾವೋಲಾ ಊರಿನ ಪೊಲೀಸ್ ಠಾಣೆಗೆ ಹಿಲ್ಯಾ ಕರ್ವೊನೆನ್ ಎಂಬ ಎಪ್ಪತ್ತಾರರ ಮುದುಕಿ ದೂರು ಕೊಡಲು ಬಂದರು. ಬಾಗಿಲಲ್ಲೇ ಬೂಟಿನ ಹಿಮ ಕೊಡವಿ, "ನಿಮಗೆ ತೊಂದ್ರೆ ಕೊಡ್ತಾ ಇದೀನಿ, ಬೇಜಾರು ಮಾಡ್ಕೋಬೇಡಿ" ಎಂದರು.

ದೂರು ಇಷ್ಟು. ಮಂಗಳವಾರ ಬೆಳಿಗ್ಗೆ 8.52ಕ್ಕೆ ಗಂಡ ಎಯ್ನೊ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಊರಿನ ಆಂಬುಲೆನ್ಸ್ ಕಚೇರಿಗೆ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಅಲ್ಲಿ ಕರೆ ತೆಗೆದುಕೊಳ್ಳುವ ಡಾರ್ಲಾ ವೆಸ್ಟ್‌ಬಿ ಎತ್ತಿಕೊಂಡಳು, ಹಲೋ ಎಂದಳು, ಇಟ್ಟುಬಿಟ್ಟಳು. ಕೊನೆಗೆ ಪಕ್ಕದ ಮನೆಯವರ ಟ್ರಕ್ಕಿನಲ್ಲಿ ಐವತ್ತು ಮೈಲಿ ದೂರದ ಆಸ್ಪತ್ರೆಗೆ ಹೋದರು. ಜೀವ ಉಳಿಯಿತು, ಮಾತು ಹೋಯಿತು. ನಲವತ್ತು ನಿಮಿಷ ಮುಂಚೆ ಬಂದಿದ್ದರೆ ಮಾತೂ ಉಳಿಯುತ್ತಿತ್ತು ಎಂದರು ಡಾಕ್ಟರು.

"911ಕ್ಕೆ ಯಾಕೆ ಮಾಡ್ಲಿಲ್ಲ?" ಸಾರ್ಜೆಂಟ್ ಯೂನಿಸ್ ಹೌಗನ್ ಕೇಳಿದರು.

"ಅದು ದೊಡ್ಡ ಅನಾಹುತಕ್ಕೆ ಅಲ್ವೇನಮ್ಮಾ?"

ಯೂನಿಸ್‌ಗೆ ಇದು ಹೊಸದಲ್ಲ. ಈ ಊರಿನವರು ಮನೆಗೆ ಬೆಂಕಿ ಬಿದ್ದರೂ ಪುರುಸೊತ್ತಾದಾಗ ಬನ್ನಿ ಎನ್ನುವ ಪೈಕಿ. ದೂರು ದಾಖಲಾಯಿತು. ಆರೋಪಿಯ ಜಾಗದಲ್ಲಿ ಡಾರ್ಲಾಳ ಹೆಸರು, ಕರ್ತವ್ಯಲೋಪದ ಆರೋಪ. ಸಾಬೀತಾದರೆ ಕೆಲಸ ಹೋಗುವುದು ಖಂಡಿತ, ಜೈಲೂ ಆಗಬಹುದು.

ಆಂಬುಲೆನ್ಸ್ ಕಚೇರಿ ಅದೇ ಕಟ್ಟಡದಲ್ಲಿ, ಠಾಣೆಯಿಂದ ಎರಡು ಕೋಣೆ ಆಚೆ. 10.15ಕ್ಕೆ ಯೂನಿಸ್ ಅಲ್ಲಿ ಡಾರ್ಲಾಳ ವಿಚಾರಣೆ ಶುರುಮಾಡಿದರು.

"ಮಂಗಳವಾರ ಕರೆ ಬಂತಾ?"

"ಬಂತು. ಮೂರು ಸಲ."

"ಏನು ಕೇಳಿಸ್ತು?"

"ಏನೂ ಇಲ್ಲ. ಉಸಿರಾಟ ಕೂಡ ಇಲ್ಲ."

"ಅನುಮಾನ ಬರ್ಲಿಲ್ವಾ?"

"ಶುಕ್ರವಾರ ಸಾಯಂಕಾಲದಿಂದ ಹಂಗೇ ಮೇಡಂ, ಬರೀ ಮೂಕ ಕರೆ. ನಂಬರ್ ತೋರ್ಸೋ ಫೋನೂ ಅಲ್ಲ ಇದು. ಯಾರೋ ಚೇಷ್ಟೆ ಮಾಡ್ತಾರೆ ಅಂದ್ಕೊಂಡೆ."

"ಯಾರಿಗಾದ್ರೂ ಹೇಳಿದ್ಯಾ?"

"ಇಷ್ಟಕ್ಕೆಲ್ಲ ಯಾಕೆ ಅಂತ..." ಅವಳು ಫೋನಿನ ಕಡೆ ಕೈ ತೋರಿಸಿದಳು. "ನಾನು ಎಯ್ನೊ ಅಜ್ಜನ ಕರೆ ಕಟ್ ಮಾಡ್ತೀನಾ ಮೇಡಂ? ನಂಗೆ ಸೈಕಲ್ ಕಲಿಸಿದ್ದೇ ಅವ್ರು."

ಕಚೇರಿಯ ಫೋನ್ ಸರ್ವರಿನಲ್ಲಿ ಪ್ರತಿ ಕರೆಯೂ ಧ್ವನಿಮುದ್ರಣವಾಗುತ್ತದೆ. ಮಂಗಳವಾರದ ಮೂರು ಕರೆಗಳನ್ನು ತೆಗೆದು ಕೇಳಿದರು. ಡಾರ್ಲಾಳ ದನಿ, ಆಮೇಲೆ ಮೌನ. ಅವಳು ಹೇಳಿದ್ದು ನಿಜ. ಹಿಲ್ಯಾ ಅವರಿಗೆ ಕಿವಿ ಮಂದ. ಆದ್ದರಿಂದ ಮಗಳು ಅವರ ಮೊಬೈಲಿನಲ್ಲೂ ಕರೆಗಳು ಧ್ವನಿಮುದ್ರಣವಾಗುವ ಹಾಗೆ ಮಾಡಿಟ್ಟಿದ್ದಳು. ಅದನ್ನೂ ಕೇಳಿದರು. "ಎಯ್ನೊ ಬಿದ್ದಿದಾರೆ, ಬೇಗ ಬಾರಮ್ಮ" ಎಂದು ಮುದುಕಿ ಕೂಗುತ್ತಿದ್ದದ್ದು ಸ್ಪಷ್ಟವಾಗಿತ್ತು, ಡಾರ್ಲಾಳ ಹಲೋ ಕೂಡ. ಅವರು ಹೇಳಿದ್ದೂ ನಿಜ. ಒಂದೇ ಕರೆಗೆ ಎರಡು ಸಾಕ್ಷಿ, ಎರಡೂ ನಿಜ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯೂನಿಸ್‌ಗೆ ಇಂಥ ಪೀಕಲಾಟ ಬಂದಿರಲಿಲ್ಲ.

11.40ಕ್ಕೆ ತಮ್ಮ ಮೇಜಿನ ಫೋನಿನಿಂದಲೇ ಡಾರ್ಲಾಗೆ ಕರೆ ಮಾಡಿದರು. ಮಾತು ಗಂಟೆ ಹೊಡೆದ ಹಾಗೆ ಕೇಳಿಸಿತು. ಡೆಪ್ಯುಟಿ ಟಾಡ್ ನೈಬರ್ಗ್ ಕಾರಿನಿಂದ ಏನೋ ತರಲು ಹೋದವನು ಅಲ್ಲಿಂದಲೇ ಮೊಬೈಲಿನಲ್ಲಿ ಪ್ರಯತ್ನಿಸಿದ. ಡಾರ್ಲಾಳ ಕಿವಿಗೆ ಮೌನ. ಒಳಗೆ ಬಂದು ಮೇಜಿನ ಫೋನಿನಿಂದ ಮಾಡಿದ. ಕೇಳಿಸಿತು. ಮತ್ತೆ ಹೊರಗೆ ಓಡಿದ. ಮೌನ.

"ಮೇಡಂ, ಇದಕ್ಕೆ ಪಾದ್ರಿನೇ ಕರೀಬೇಕು," ಎಂದ ಟಾಡ್.

"ಮೊದಲು ಮಿನಿಯಾಪೊಲಿಸ್‌ನ ಆ ಕಂಪನಿಯವರನ್ನ ಕರಿ. ಪಾದ್ರಿ ಆಮೇಲೆ."

ಕಳೆದ ವರ್ಷದಿಂದ ಸರ್ವರಿನ ಉಸ್ತುವಾರಿ ಆ ಕಂಪನಿಯದು. ಅದರ ತಂತ್ರಜ್ಞ ದೂರದಿಂದಲೇ ಸರ್ವರಿನೊಳಗೆ ಇಣುಕಿ ನೋಡಿ, 1.20ಕ್ಕೆ ಟಾಡ್‌ನ ಮೊಬೈಲಿಗೆ ಫೋನ್ ಮಾಡಿದ. ಯೂನಿಸ್, ಡಾರ್ಲಾ ಇಬ್ಬರಿಗೂ ಕೇಳಲಿ ಎಂದು ಟಾಡ್ ಸ್ಪೀಕರ್ ಹಾಕಿದ.

"ನಿಮ್ಮ ಡಬ್ಬಿಗೆ ಎರಡು ನೆಟ್‌ವರ್ಕ್ ಕಾರ್ಡು, ಅಂದ್ರೆ ಎರಡು ಬಾಗಿಲು. ಒಂದು ಕಟ್ಟಡದೊಳಗಿನ ಫೋನುಗಳಿಗೆ, ಇನ್ನೊಂದು ಹೊರಗಿನವರಿಗೆ. ಕರೆ ಬಂದಾಗ 'ನಿನ್ನ ದನಿನ ಈ ವಿಳಾಸಕ್ಕೆ ಕಳಿಸು' ಅಂತ ಡಬ್ಬಿ ಹೇಳುತ್ತೆ. ಈಗ ಹೊರಗಿನವರಿಗೂ ಒಳಬಾಗಿಲ ವಿಳಾಸನೇ ಕೊಡ್ತಾ ಇದೆ."

"ಅಂದ್ರೆ?"

"ಬೀದೀಲಿ ನಿಂತೋರಿಗೆ ಅಡುಗೆಮನೆಯಿಂದ ಒಳಗೆ ಬನ್ನಿ ಅಂದ ಹಾಗೆ. ಅವರ ಮಾತು ಎಲ್ಲಿಗೂ ತಲುಪಲ್ಲ. ನಿಮ್ಮ ಹುಡುಗಿ ಮಾತು ಮಾತ್ರ ಆಚೆ ಹೋಗುತ್ತೆ."

"ತಾನಾಗಿ ಕೆಟ್ಟಿದ್ದಾ?"

"ಇಲ್ಲ. ಶುಕ್ರವಾರ 7ನೇ ತಾರೀಖು, ಮಧ್ಯಾಹ್ನ 3.41ಕ್ಕೆ ಯಾರೋ ಅದೇ ಕೋಣೇಲಿ ಕೂತು, ಹಳೇ ಪಾಸ್‌ವರ್ಡ್ ಹಾಕಿ ಬದಲಾಯಿಸಿದಾರೆ."

ಡಾರ್ಲಾ ಅಲ್ಲಿಯೇ ಕುರ್ಚಿಗೆ ಒರಗಿ ಅತ್ತುಬಿಟ್ಟಳು. ಸರ್ವರ್ ಕೋಣೆಯ ಮಹಜರು ನಡೆಯಿತು. ಬೀಗ ಒಡೆದಿರಲಿಲ್ಲ. ಬೀಗದಕೈ ಕಟ್ಟಡದ ಅಡುಗೆಕೋಣೆಯ ಮೊಳೆಗೆ ಎಲ್ಲರ ಕಣ್ಣಿಗೂ ಕಾಣುವ ಹಾಗೆ ತೂಗುತ್ತಿತ್ತು. ಶುಕ್ರವಾರ ಯಾರು ಬಂದಿದ್ದರು ಎಂದು ಕೇಳಿದರೆ ಯಾರೂ ಬಂದಿಲ್ಲ ಎಂದರು ಎಲ್ಲರೂ. ಯೂನಿಸ್ ತಲೆ ಕೆರೆದುಕೊಂಡು ಅಡುಗೆಕೋಣೆಯಲ್ಲಿ ಕಾಫಿ ಬಗ್ಗಿಸಿಕೊಂಡರು. ಪಕ್ಕದಲ್ಲಿ ತೊಳೆದಿಟ್ಟ ಒಂದು ಅಲ್ಯೂಮಿನಿಯಂ ತಟ್ಟೆ ಇತ್ತು.

"ಇದು ಯಾರದು ಟಾಡ್?"

"ಗೊತ್ತಿಲ್ಲ. ನಿಂಬೆಹಣ್ಣಿನ ಬಾರ್, ಅದೇ ಕೇಕಿನ ತುಂಡು, ಇತ್ತು ಅದ್ರಲ್ಲಿ. ಶುಕ್ರವಾರ ನಾಲ್ಕು ಗಂಟೆಗೆ ನಾನೇ ಮೂರು ತಿಂದೆ. ಇನ್ನೂ ಬೆಚ್ಚಗಿತ್ತು ಮೇಡಂ."

"ತಿನ್ನೋವಾಗ ತಂದವರು ಯಾರು ಅಂತ ಕೇಳಬಾರದಾ, ಹೊಟ್ಟೆಬಾಕ?"

ಯೂನಿಸ್ ತಟ್ಟೆಯನ್ನು ಮಗುಚಿದರು. ತಟ್ಟೆ ವಾಪಸು ಬರಲಿ ಎಂದು ಈ ಊರಿನವರೆಲ್ಲ ಮಾಡುವ ಹಾಗೆ, ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿತ್ತು: ಡಿ. ಸ್ಕೋಗ್. ಕಳ್ಳ ಕೆಲಸಕ್ಕೆ ಹೊರಟರೂ ಬರಿಗೈಯಲ್ಲಿ ಬರಬಾರದು ಎನ್ನುವ ಮನುಷ್ಯ. ತಟ್ಟೆಯನ್ನು ವಶಪಡಿಸಿಕೊಂಡು ಸಾಕ್ಷ್ಯಗಳ ಪಟ್ಟಿಗೆ ಸೇರಿಸಲಾಯಿತು.

ಡೆಲ್ಮರ್ ಸ್ಕೋಗ್, ಎಪ್ಪತ್ತೆರಡು ವರ್ಷ. ಆ ಸರ್ವರನ್ನು ಕೂಡಿಸಿದವರೇ ಅವರು. ಹದಿನಾಲ್ಕು ವರ್ಷ ನೋಡಿಕೊಂಡಿದ್ದರು, ಕಂಪನಿ ಬರುವ ತನಕ. 4.05ಕ್ಕೆ ಪೊಲೀಸರು ಹೋದಾಗ ಅವರೇ ಬಾಗಿಲು ತೆಗೆದು, ಕೂರಲು ಹೇಳಿದರು. ಯೂನಿಸ್ ಕೂರದೆ ಅವರ ಹಕ್ಕುಗಳನ್ನು ಓದಿ ಹೇಳಿದರು.

"ಎಯ್ನೊ ಮಾತಾಡ್ತಾನಾ?" ಎಂದು ಕೇಳಿದರು ಡೆಲ್ಮರ್.

"ಇಲ್ಲ. ಯಾಕೆ ಹೀಗೆ ಮಾಡಿದ್ರಿ ಡೆಲ್ಮರ್?"

"ಆಂಬುಲೆನ್ಸ್ ಲೈನಿಗೆ ನಾನು ಕೈ ಹಾಕ್ತೀನಾ? ಒಳಗಿನ ಫೋನುಗಳು ಮಾತ್ರ ಕೆಡ್ಲಿ ಅಂತ ಮಾಡಿದ್ದು. ನನ್ನ ಕಾಲದಲ್ಲಿ ಒಂದನೇ ಕಾರ್ಡು ಒಳಗೆ, ಎರಡನೇದು ಹೊರಗೆ. ಅವ್ರು ಅದಲುಬದಲು ಮಾಡಿದಾರೆ ಅಂತ ಗೊತ್ತಿರ್ಲಿಲ್ಲ."

"ಒಳಗಿನದು ಕೆಟ್ರೆ ನಿಮಗೇನು ಲಾಭ?"

ಡೆಲ್ಮರ್ ತಲೆ ತಗ್ಗಿಸಿದರು. "ಆ ಕಂಪನಿಯವ್ರಿಗೆ ಗೊತ್ತಾಗಲ್ಲ, ನನ್ನನ್ನ ಕರೀತಾರೆ ಅಂದ್ಕೊಂಡೆ. ವರ್ಷ ಆಯ್ತು ಯೂನಿಸ್, ಯಾರೂ ಕರೆದಿಲ್ಲ. ಮೂರು ದಿನ ಕಾದೆ. ನಾಚಿಕೆಯಾಯ್ತು. ಸೋಮವಾರ ಡಾರ್ಲಾಗೆ ಫೋನ್ ಮಾಡಿ ತಪ್ಪು ಒಪ್ಕೊಂಡೆ. ಈಗ್ಲೇ ಬಂದು ಸರಿಮಾಡ್ತೀನಿ ಅಂದೆ. ಅವಳು ಇಡ್ತೀನಿ ಅಂತ ಇಟ್ಬಿಟ್ಲು. ಸಿಟ್ಟು ಬಂದಿದೆ, ಮುಖ ತೋರಿಸೋದು ಬೇಡ ಅಂತ ಮನೇಲೇ ಕೂತೆ."

ಟಾಡ್ ಯೂನಿಸ್ ಮುಖ ನೋಡಿದ. 4.30ಕ್ಕೆ ಬಂಧನವಾಯಿತು.

ಠಾಣೆಗೆ ಬಂದಮೇಲೆ ಯೂನಿಸ್ ಸೋಮವಾರದ ಧ್ವನಿಮುದ್ರಣ ತೆಗೆಸಿದರು. ಸಂಜೆ 5.20ಕ್ಕೆ ಡೆಲ್ಮರ್ ಅವರ ಮನೆಯಿಂದ ಬಂದ ಕರೆ, ಎರಡು ನಿಮಿಷ ನಲವತ್ತು ಸೆಕೆಂಡು. ಡಾರ್ಲಾ ಪಕ್ಕದಲ್ಲಿ ನಿಂತು ಕೇಳಿದಳು.

"ಹಲೋ? ಹೇಳಿ," ಎನ್ನುವ ಅವಳದೇ ದನಿ. ಉದ್ದನೆಯ ಮೌನ. "ಇಡ್ತೀನಿ."

"ಇದ್ರಲ್ಲಿ ಅವ್ರು ಮಾತಾಡ್ತಾ ಇದ್ರಾ?" ಎಂದಳು ಡಾರ್ಲಾ.

"ಎಲ್ಲಾ ಹೇಳಿದ್ರಂತೆ."

ಡಾರ್ಲಾ ಮತ್ತೊಮ್ಮೆ ಹಾಕಿ ಎಂದಳು. ಯೂನಿಸ್ ಹಾಕಿದರು. ಇಬ್ಬರೂ ಆ ಮೌನವನ್ನು ಕೊನೆಯ ತನಕ ಕೇಳಿದರು.