ಕತ್ತಲಲ್ಲಿ ಕಳ್ಳ ಬೆಳಕು

“ಮತ್ತೆ ಕಳ್ಳ ಬೆಳಕು!” ಮರೇನ್ ಹಲ್ಲು ಕಚ್ಚಿದಳು. “ಎಲ್ಲಿಂದ ನುಗ್ತಿದೆಯೋ ಇದು!”

ಟಿಕ್, ಟಿಕ್, ಟಿಕ್. ದಿನವಿಡೀ ಎಣಿಸಿದ ಮೊತ್ತ ತಾಳೆಯಾಗದೆ, ಬೆಳಕು ತಾಗಿದರೆ ಟಿಕ್ ಅನ್ನುವ ಯಂತ್ರವನ್ನು ಈಗಷ್ಟೇ ಹಚ್ಚಿದ್ದರು.

ಕಪ್ಪು ಪರದೆಯೊಳಗೆ ಕತ್ತಲೋ ಕತ್ತಲು. ಮೂಲೆಯ ಸ್ಟೂಲಿನ ಮೇಲೆ ಸೋಲ್ವಾಯ್ ಮುದುಡಿ ಕೂತಿದ್ದಳು. ಶಾಲೆ ಬಿಟ್ಟವಳು ಕೋಪನ್‌ಹೇಗನ್ನಿನ ಚಳಿಯಲ್ಲಿ ಸೈಕಲ್ ತುಳಿದು ಅಪ್ಪನ ಲ್ಯಾಬಿಗೆ ಬಂದಿದ್ದಳು. ಬಾಗಿಲಲ್ಲೇ ಅಪ್ಪ ಅವಳ ಫೋನು, ವಾಚು ಎರಡನ್ನೂ ಇಸಿದುಕೊಂಡಿದ್ದ. “ಹೊಳೆಯೋದು ಏನೂ ಒಳಗೆ ಬರಬಾರದು, ಮರಿ.”

ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಪರಮಾಣುಗಳ ಪುಟ್ಟ ಮೋಡವಿತ್ತು. ಅದರ ತಂಪಿನ ಮುಂದೆ ಹಿಮವೂ ಬೆಚ್ಚಗೆ! ಬೆಳಕಿನ ಒಂದೊಂದೇ ಕಣವನ್ನು ಆ ಮೋಡದಲ್ಲಿ ಬಚ್ಚಿಟ್ಟು, ಹೋದ ಹಾಗೆಯೇ ಹೊರತೆಗೆಯಬೇಕು. ಬೇರೆ ಬೆಳಕು ಚೂರು ಬೆರೆತರೂ ಎಣಿಕೆ ಕೆಟ್ಟಂತೆ. ಅಪ್ಪನ ವಿದ್ಯಾರ್ಥಿನಿ ಮರೇನಳ ಎರಡು ವರ್ಷದ ದುಡಿಮೆ ಇವತ್ತಿನ ಎಣಿಕೆಯ ಮೇಲೆ ನಿಂತಿತ್ತು. ನಾಳೆ ಪೆಟ್ಟಿಗೆ ಬೇರೆ ತಂಡದ ಪಾಲು.

“ಬೆಳಿಗ್ಗೆ ಬೆಳಕು ತಿರುಗಿಸೋ ಕನ್ನಡಿ ಮುಟ್ಟಿದ್ದೆಯಲ್ಲ?” ಅಪ್ಪ ಕೇಳಿದ.

“ಕೂದಲೆಳೆಯಷ್ಟು, ಅಷ್ಟೆ!” ಎಂದಳು ಮರೇನ್.

ಆಗ ಸೋಲ್ವಾಯ್‌ಗೆ ಕಂಡಿತು: ಕಾಲ ಬಳಿಯ ಸ್ಕೂಲ್ ಬ್ಯಾಗಿನ ಸಂದಿಯಲ್ಲಿ ಕೆಂಪು ಗೆರೆ. ಯಾರಾದರೂ ಕದ್ದಾರೆಂದು ಸೈಕಲ್ಲಿನಿಂದ ಬಿಚ್ಚಿ, ಆರಿಸದೆಯೇ ತುರುಕಿದ್ದ ಹಿಂದಿನ ಲೈಟು! ಮೆಲ್ಲಗೆ ಕೈಯಿಳಿಸಿ ಗುಂಡಿ ಒತ್ತಿದಳು.

ಟಿಕ್ ನಿಂತಿತು.

“ಅರೆ, ಸರಿಹೋಯ್ತು!” ಮರೇನ್ ಕೂಗಿದಳು.

‘ಸದ್ಯ, ಬದುಕಿದೆ,’ ಎಂದುಕೊಂಡಳು ಸೋಲ್ವಾಯ್.

“ತಾನಾಗೇ ಬಂದು ತಾನಾಗೇ ಹೋದದ್ದನ್ನ ನಂಬೋಕಾಗಲ್ಲ, ಮರೇನ್,” ಎಂದ ಅಪ್ಪ. “ಯಾವಾಗ ಶುರುವಾಯ್ತೋ ಏನೋ. ಇವತ್ತು ಎಣಿಸಿದ್ದೆಲ್ಲ ಬಿಟ್ಟುಬಿಡು.”

ಮರೇನ್ ಬಿಕ್ಕು ನುಂಗಿಕೊಂಡ ಸದ್ದು ಕೇಳಿತು.

ಸೋಲ್ವಾಯ್ ಸ್ಟೂಲಿನಿಂದ ಇಳಿದಳು. “ತಾನಾಗೇ ಹೋಗ್ಲಿಲ್ಲ ಅಪ್ಪಾ. ನಾನು ಆರಿಸಿದೆ. ನನ್ನ ಸೈಕಲ್ ಲೈಟು.”

ಬೈಗುಳಕ್ಕೆ ಕಾಯುತ್ತ ಅವಳು ಹೆಗಲು ಕುಗ್ಗಿಸಿದಳು.

“ಎಷ್ಟು ಹೊತ್ತಿಗೆ ಬಂದೆ ನೀನು?” ಮರೇನ್ ಧಡಕ್ಕನೆ ಎದ್ದಳು. “ಸುಮಾರು ಅನ್ಬೇಡ, ಸರಿಯಾಗಿ ಹೇಳೇ!”

“ಎರಡು ನಲವತ್ತು.”

“ಅದಕ್ಕೆ ಮುಂಚಿನದೆಲ್ಲ ಚೊಕ್ಕ! ಅಷ್ಟೇ ಸಾಕು ನನಗೆ!” ಪರದೆ ಸರಿಸಿ ಮರೇನ್ ಹೊರಗೋಡಿದಳು. ಲ್ಯಾಬಿನ ದಪ್ಪ ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು.

“ನನ್ನ ಹೆಸರೂ ಬರೀಬೇಕಾ?” ಹಿಂದೆಯೇ ಬಂದ ಸೋಲ್ವಾಯ್ ಪಿಸುಗುಟ್ಟಿದಳು.

“ಬೇಕು,” ಎಂದಳು ಮರೇನ್. “ಇಲ್ಲಿ ತಪ್ಪಾದ್ರೆ ಎಲ್ಲರೂ ಬರೀತಾರೆ.”

ಸೋಲ್ವಾಯ್ ಪುಟದ ಮೇಲಕ್ಕೆ ಕಣ್ಣಾಡಿಸಿದಳು. ನಿನ್ನೆಯ ತಾರೀಖಿನ ಕೆಳಗೆ ಅಪ್ಪನ ಕೋಳಿಕಾಲಿನ ಅಕ್ಷರ: ‘ಹತ್ತೂಕಾಲು. ಪರದೆ ಮುಚ್ಚಲು ಮರೆತೆ.’ ಕೆಳಗೆ ಅವನದೇ ಸಹಿ.

ಅವಳು ಕೈಚಾಚಿದಳು. “ಪೆನ್ನು ಕೊಡು. ನಾನೇ ಬರೀತೀನಿ.”