ಸುಟ್ಟುಹೋಗದ ಅಚ್ಚುಮೊಳೆಗಳು

ನಡುಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಬೀಗ ಹಾಕಿದ್ದ ಕೋಣೆಯಿಂದ ಹೊಗೆ! ನಾವು ಓಡಿಬಂದು ನೀರು ಸುರಿಯುವಷ್ಟರಲ್ಲಿ ಅಚ್ಚುಕೂಟದ ಅಕ್ಷರದ ಮೊಳೆಗಳ ಕೋಣೆ ಸುಟ್ಟು ಕರಕಲಾಗಿತ್ತು.

“ಅಪ್ಪ ಮಾಡಿಟ್ಟ ಅಕ್ಷರಗಳು…” ಯಜಮಾನರು ಬಾಗಿಲಲ್ಲೇ ಕುಸಿದು ಕೂತರು. ಶೀರ್ಷಿಕೆಗಳಿಗೆಂದು ಅವರ ತಂದೆ ತಾವೇ ಅಚ್ಚು ಕೊರೆದು ಎರಕಹೊಯ್ದ ಸೀಸದ ಮೊಳೆಗಳವು. ಅಂಥವು ಬೇರೆಲ್ಲೂ ಇಲ್ಲ.

“ಇನ್ನೆಲ್ಲಿಯ ಅಕ್ಷರ, ಭಾವ?” ಎಂದ ಅವರ ಭಾವಮೈದುನ. “ಮರದ ಪೆಟ್ಟಿಗೆ ಸಮೇತ ಉರಿದು ಬೂದಿಯಾದವು. ಕಿಟಕಿಯಿಂದ ನಾನೇ ನೋಡಿದೆ. ಎಲ್ಲಾ ಇವರು ಕೋಣೇಲಿ ಟೀ ಕಾಸೋ ಸ್ಟೌವಿನ ಕೆಲಸ!”

ಅವನ ಬೆರಳು ಮೊಳೆಯಣ್ಣನತ್ತ ತಿರುಗಿತ್ತು. ನಲವತ್ತು ವರ್ಷ ಅಲ್ಲಿ ಅಕ್ಷರ ಜೋಡಿಸಿದ್ದರಿಂದ ಅವರಿಗೆ ಆ ಹೆಸರು.

“ಆರಿಸಿಯೇ ಹೋಗಿದ್ದೆ…”

“ನಾಳೆಯಿಂದ ಬರಬೇಡಿ,” ಎಂದರು ಯಜಮಾನರು, ಮುಖ ನೋಡದೆ.

ಅಲ್ಲಿ ಕರಡು ತಿದ್ದುವವಳು ನಾನು. ಮನೆಗೆ ಬಂದು ಅತ್ತೆಯ ಮುಂದೆ ಗೋಳು ತೋಡಿಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು ಅವರು.

“ಸೀಸ ಬೂದಿಯಾಯ್ತಂತಾ?” ಅತ್ತೆಯ ಹುಬ್ಬು ಮೇಲೇರಿತು. “ಬೆಳಗ್ಗೆ ನಾನೂ ಬರ್ತೀನಿ, ನಡಿ.”

ಬೆಳಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಡಗಡೆ, ಸಾಮಾನ್ಯ ಮೊಳೆಗಳಿದ್ದ ಕಡೆ, ನೆಲಕ್ಕಂಟಿದ ಸೀಸದ ದೊಡ್ಡ ಗಟ್ಟಿ. ಬಲಗಡೆ ಕೆದಕಿದರು. ಬರೀ ಬೂದಿ!

“ಹಳೇ ಅಕ್ಷರಗಳಿದ್ದದ್ದು ಎಲ್ಲಪ್ಪಾ?”

“ಇಲ್ಲೇ, ಬಲಗಡೆ,” ಎಂದ ಭಾವಮೈದುನ.

“ಕರಗಿ ಹರಿದವಾ?”

“ಇಲ್ಲ, ಇದ್ದಿಲಿನ ಹಾಗೆ ಉರಿದವು.”

“ಕಣ್ಣಾರೆ ಕಂಡ್ಯಾ?”

“ಕಂಡೆ ಅಂದ್ನಲ್ಲ!”

ಅತ್ತೆ ಕೈ ಒರೆಸಿಕೊಂಡು ಎದ್ದರು.

“ಎಲ್ಲರೂ ನೋಡಿದ್ದು ಬೂದಿಯನ್ನ. ಇಲ್ಲಿ ಏನಿಲ್ಲ ಅನ್ನೋದನ್ನ ಯಾರೂ ನೋಡ್ಲಿಲ್ಲ. ಮರ ಉರಿದ್ರೆ ಹೊಗೆ, ಬೂದಿ—ಬೇರೆಯೇ ವಸ್ತು. ತಿರುಗಿ ಮರ ಆಗಲ್ಲ. ಅದು ರಾಸಾಯನಿಕ ಬದಲಾವಣೆ. ಈ ಬೆಂಕಿಗೆ ಸೀಸ ಕರಗುತ್ತೆ, ಅಷ್ಟೆ. ಆಕಾರ ಹೋದ್ರೂ ಸೀಸ ಸೀಸವೇ. ಇದು ಭೌತಿಕ ಬದಲಾವಣೆ. ಎಡಗಡೆ ಗಟ್ಟಿ ಇದೆ. ಬಲಗಡೆ ಯಾಕಿಲ್ಲ?”

ಯಜಮಾನರು ತಲೆಯೆತ್ತಿದರು. “ಅಂದ್ರೆ…?”

“ಬೆಂಕಿಗೆ ಮೊದಲೇ ಪೆಟ್ಟಿಗೆ ಖಾಲಿಯಾಗಿತ್ತು. ಅಲ್ಲಿ ಇಲ್ಲದ ಮೊಳೆ ಉರಿದದ್ದನ್ನ ಇವನೊಬ್ಬನೇ ಕಂಡ. ಹೇಳಪ್ಪಾ, ಎಲ್ಲಿಟ್ಟಿದೀಯಾ?”

ಭಾವಮೈದುನ ಒಂದು ಹೆಜ್ಜೆ ಹಿಂದೆ ಸರಿದ. “ನಮ್ಮನೆ ಅಟ್ಟದ ಮೇಲೆ… ಇನ್ನೊಂದು ಬೀಗದ ಕೈ ನನ್ನತ್ರಾನೇ ಇತ್ತು. ಹಳೇ ವಸ್ತು ಕೊಳ್ಳೋರು ನಾಡಿದ್ದು ಬರ್ತಿದ್ರು. ಬೆಂಕಿ ಇಟ್ರೆ ಯಾರೂ ಹುಡುಕಲ್ಲ ಅಂತ…”

ಗಂಟೆಯೊಳಗೆ ಮೂರು ಚೀಲ ಬಂದವು. ಒಂದಕ್ಷರವೂ ಮುಕ್ಕಾಗಿರಲಿಲ್ಲ. ಯಜಮಾನರು ಭಾವಮೈದುನನನ್ನು ಪೊಲೀಸರಿಗೆ ಒಪ್ಪಿಸಿ, ಮೊಳೆಯಣ್ಣನ ಮನೆಗೆ ನಡೆದೇ ಹೋದರು. ಹಿಂದೆ ಅತ್ತೆ ಮತ್ತು ನಾನು.

“ತಪ್ಪಾಯ್ತು ಅಣ್ಣಾ. ಎಲ್ಲಾ ಸಿಕ್ತು. ನೀವು ಬಂದು ಜೋಡಿಸಬೇಕು.”

ಮೊಳೆಯಣ್ಣ ಗೂಟದಲ್ಲಿದ್ದ ಅಂಗಿ ತೆಗೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ ಒಳಗೆ ತಿರುಗಿ ಕೂಗಿದರು:

“ಏ ಇವಳೇ, ತಟ್ಟೆ ಹಾಕು. ನಿನ್ನೆಯಿಂದ ನೀನೂ ಉಂಡಿಲ್ಲ, ಇಬ್ಬರೂ ಉಣ್ಣೋಣ. ನಾನು ಕೆಲಸಕ್ಕೆ ಹೋಗಬೇಕು!”